ಹನ್ನೊಂದು ವರ್ಷಗಳ ನ್ಯಾಷನಲ್ ಆರ್ಟ್ ಪಾಸ್: ಅರ್ಧ ಟಿಕೆಟ್ಟಿನ ಆಚೆಗೆ ಸಿಗುವುದೇನು?

ಬ್ರಿಟನ್ನಿನಲ್ಲಿರುವ ಕನ್ನಡದ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಲ್ಲವೂ ಉಚಿತವಾಗಿ ಬಾಗಿಲು ತೆರೆದಿರುವಾಗ ವರ್ಷವರ್ಷವೂ ಹಣ ಕಟ್ಟಿ, ಮ್ಯೂಸಿಯಂಗಳಲ್ಲಿ ರಿಯಾಯಿತಿ ಕೊಡಿಸುವ ನ್ಯಾಷನಲ್ ಆರ್ಟ್ ಪಾಸ್ ಇಟ್ಟುಕೊಳ್ಳುವುದು ಏಕೆ ಎಂದು ಅವರು ಕೇಳುತ್ತಾರೆ. 2014ರ ಕೊನೆಯಿಂದ ಈ ಪಾಸ್ ನನ್ನ ಬಳಿ ಇದೆ. ಮ್ಯೂಸಿಯಂಗಳು ತಿಂಗಳುಗಟ್ಟಲೆ ಮುಚ್ಚಿದ್ದ 2020ರಲ್ಲಿಯೂ ನಾನು ಅದನ್ನು ನವೀಕರಿಸಿದೆ. ಇಷ್ಟು ಕಾಲ ಬಳಸಿದ ಮೇಲೆ ನನಗೆ ತೋರಿರುವುದನ್ನು ಹೇಳುತ್ತೇನೆ. ರಿಯಾಯಿತಿಯ ಲೆಕ್ಕ ಮಾತ್ರ ನೋಡಿದರೆ ಇದು ಸಾಧಾರಣವಾದ ಪಾಸ್, ಆದರೆ ಆ ಹಣ ಹೋಗಿ ಸೇರುವ ಕೆಲಸವನ್ನು ನೋಡಿದರೆ ನಾನು ವರ್ಷದಲ್ಲಿ ಮಾಡುವ ಖರ್ಚುಗಳಲ್ಲಿ ಇಷ್ಟು ಸಾರ್ಥಕವೆನಿಸುವುದು ಬೇರೊಂದಿಲ್ಲ.

ಮೊದಲು ಈ ಪಾಸ್ ಕೊಡುವ ಸಂಸ್ಥೆ ಯಾವುದೆಂಬ ಗೊಂದಲವನ್ನು ಬಿಡಿಸುವುದು ಒಳ್ಳೆಯದು. ಬ್ರಿಟನ್ನಿನಲ್ಲಿ 1889ರಲ್ಲಿ ಸ್ಥಾಪನೆಯಾದ ಮ್ಯೂಸಿಯಮ್ಸ್ ಅಸೋಸಿಯೇಷನ್ ಇದೆ. ಅದು ಮುಖ್ಯವಾಗಿ ಮ್ಯೂಸಿಯಂಗಳಲ್ಲಿ ದುಡಿಯುವವರ ಮತ್ತು ಮ್ಯೂಸಿಯಂ ಸಂಸ್ಥೆಗಳ ಸಂಘ. ನಾನು ಬರೆಯುತ್ತಿರುವುದು ಆರ್ಟ್ ಫಂಡ್ ಬಗ್ಗೆ. 1903ರಲ್ಲಿ ನ್ಯಾಷನಲ್ ಆರ್ಟ್ ಕಲೆಕ್ಷನ್ಸ್ ಫಂಡ್ ಎಂಬ ಹೆಸರಿನಲ್ಲಿ ಹುಟ್ಟಿದ ಇದು ದೇಶದ ಮ್ಯೂಸಿಯಂಗಳಿಗೆ ಮತ್ತು ಗ್ಯಾಲರಿಗಳಿಗೆ ಕಲಾಕೃತಿಗಳನ್ನು ಕೊಳ್ಳಲು ನೆರವಾಗುವ ರಾಷ್ಟ್ರೀಯ ದತ್ತಿಸಂಸ್ಥೆ. ಸರ್ಕಾರದ ಇಲಾಖೆಯಲ್ಲದ ಕಾರಣ ಅದು ಸದಸ್ಯರ ಚಂದಾ, ದಾನ, ಉಯಿಲಿನ ಮೂಲಕ ಬರುವ ಹಣ ಇವುಗಳನ್ನೇ ನಂಬಿ ನಡೆಯುತ್ತದೆ. ಆ ಚಂದಾದಾರರಿಗೆ 2011ರಿಂದ ಕೊಡುತ್ತಿರುವ ಕಾರ್ಡೇ ನ್ಯಾಷನಲ್ ಆರ್ಟ್ ಪಾಸ್.

ಕೆಲಸಕ್ಕೆಂದು ನಾನು ಸ್ಟೋಕ್-ಆನ್-ಟ್ರೆಂಟ್ ಊರಿಗೆ ಬಂದ ವರ್ಷ ಅಲ್ಲಿ ವೆಜ್‌ವುಡ್ ಸಂಗ್ರಹದ ಸುದ್ದಿಯೇ ಸುದ್ದಿಯಾಗಿತ್ತು. ಪಿಂಗಾಣಿ ಕೆಲಸವೇ ಉಸಿರಾಗಿದ್ದ ಈ ಊರಿನ ಪ್ರಾಂತದಲ್ಲಿ 1759ರಲ್ಲಿ ಜೋಸಾಯಾ ವೆಜ್‌ವುಡ್ ಸ್ವಂತ ಕಾರ್ಖಾನೆ ಆರಂಭಿಸಿದ್ದರು. ಅವರ ಕಾಲದಿಂದ ಕೂಡಿಟ್ಟ ಎಂಬತ್ತು ಸಾವಿರಕ್ಕೂ ಮಿಕ್ಕಿದ ವಸ್ತುಗಳು ಮತ್ತು ಕಾಗದಪತ್ರಗಳ ಸಂಗ್ರಹ ಊರಿನ ಪಕ್ಕದ ಬಾರ್ಲಸ್ಟನ್‌ನಲ್ಲಿದೆ. 2009ರ ಜನವರಿಯಲ್ಲಿ ಆ ಕಾರ್ಖಾನೆಯ ಒಡೆತನವಿದ್ದ ವಾಟರ್‌ಫರ್ಡ್ ವೆಜ್‌ವುಡ್ ಕಂಪನಿ ದಿವಾಳಿಯಾಯಿತು, ಆದರೆ ಅದೇ ವರ್ಷ ಈ ಸಂಗ್ರಹವಿರುವ ವೆಜ್‌ವುಡ್ ಮ್ಯೂಸಿಯಂ ಆರ್ಟ್ ಫಂಡ್ ಪ್ರಶಸ್ತಿಯನ್ನು ಗೆದ್ದಿತು. ಮ್ಯೂಸಿಯಂ ಬೇರೆಯೇ ಟ್ರಸ್ಟ್ ಆಗಿದ್ದರೂ ಅದರ ಐವರು ನೌಕರರು ಕಂಪನಿಯ ಪಿಂಚಣಿ ಯೋಜನೆಯಲ್ಲಿ ಸೇರಿದ್ದರು. ಯೋಜನೆಯಲ್ಲಿದ್ದ ಉಳಿದ ಕಂಪನಿಗಳೆಲ್ಲ ದಿವಾಳಿಯಾದ ಮೇಲೆ ಇಡೀ ಯೋಜನೆಯ 13.4 ಕೋಟಿ ಪೌಂಡುಗಳ ಕೊರತೆ ಕಾನೂನಿನ ಪ್ರಕಾರ ಆ ಸಣ್ಣ ಟ್ರಸ್ಟಿನ ತಲೆಯ ಮೇಲೆ ಬಂದು ಕುಳಿತಿತು. ಸಾಲ ತೀರಿಸಲು ಸಂಗ್ರಹವನ್ನು ಮಾರಬಹುದೆಂದು 2011ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಪಿಂಚಣಿಯ ಮೇಲೆ ಬದುಕುವ ಸಾವಿರಾರು ಹಿರಿಯ ಕಾರ್ಮಿಕರ ಹಕ್ಕೂ ಅದರಲ್ಲಿ ಇದ್ದುದರಿಂದ, ಯಾರನ್ನೋ ದೂರಿ ಮುಗಿಸಬಹುದಾದ ಪ್ರಕರಣ ಅದಾಗಿರಲಿಲ್ಲ.

ಸಂಗ್ರಹವನ್ನು ಇಡಿಯಾಗಿ ಕೊಳ್ಳಲು 1.575 ಕೋಟಿ ಪೌಂಡ್ ಬೇಕಿತ್ತು. ಲಾಟರಿ ನಿಧಿ, ಆರ್ಟ್ ಫಂಡ್ ಮತ್ತು ಇತರ ದಾನಿಗಳು ಸೇರಿ ಸುಮಾರು 1.3 ಕೋಟಿ ಹೊಂದಿಸಿದರು, ಉಳಿದ 27.4 ಲಕ್ಷ ಪೌಂಡುಗಳಿಗಾಗಿ ಆರ್ಟ್ ಫಂಡ್ 2014ರ ಸೆಪ್ಟೆಂಬರಿನಲ್ಲಿ ಜನರ ಮುಂದೆ ಕೈಯೊಡ್ಡಿತು. ಒಂದು ತಿಂಗಳಲ್ಲಿ ಅಷ್ಟೂ ಹಣ ಕೂಡಿತು. ಅದರಲ್ಲಿ ನನ್ನದು ಹತ್ತು ಪೌಂಡ್. ನನಗೆ ಆಗಿನ್ನೂ ಊರಿನ ರಸ್ತೆಗಳೇ ಪರಿಚಯವಾಗಿರಲಿಲ್ಲ, ಆದರೂ ನನ್ನೊಡನೆ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು, ತಮ್ಮ ತಾಯಿ ಮೂವತ್ತು ವರ್ಷ ಕಪ್ಪುಗಳಿಗೆ ಹೂವಿನ ಚಿತ್ತಾರ ಬಿಡಿಸಿದ್ದನ್ನು ಹೇಳುತ್ತಾ ಕಣ್ಣೊರೆಸಿಕೊಂಡಾಗ ಕೊಡದಿರಲು ಮನಸ್ಸಾಗಲಿಲ್ಲ. ಕೊಂಡ ಸಂಗ್ರಹವನ್ನು ಫಂಡ್ ತನ್ನಲ್ಲಿ ಇಟ್ಟುಕೊಳ್ಳಲಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ದಾನವಾಗಿ ಕೊಟ್ಟು, ವಸ್ತುಗಳು ಬಾರ್ಲಸ್ಟನ್‌ನಲ್ಲೇ ಉಳಿಯುವಂತೆ ಏರ್ಪಾಡು ಮಾಡಿತು. ಆ ವರ್ಷದ ಕೊನೆಯಲ್ಲಿ ನಾನು ಸದಸ್ಯಳಾದೆ.

ಬಾರ್ಲಸ್ಟನ್‌ಗೆ ಹೋದಾಗಲೆಲ್ಲ ನಾನು ಹೆಚ್ಚು ಹೊತ್ತು ನಿಲ್ಲುವುದು ಹೆಸರಾಂತ ಹೂದಾನಿಗಳ ಮುಂದಲ್ಲ, ಜಾಸ್ಪರ್ ಎಂಬ ಮೆರುಗಿಲ್ಲದ ಪಿಂಗಾಣಿಯ ಪ್ರಯೋಗಗಳ ತಟ್ಟೆಗಳ ಮುಂದೆ. ಆ ಪ್ರಸಿದ್ಧ ತಿಳಿನೀಲಿ ಬಣ್ಣ ಕೈಗೂಡುವ ಮೊದಲು ವೆಜ್‌ವುಡ್ ಸಾವಿರಾರು ಸಲ ಮಣ್ಣು ಬೆರೆಸಿ ಸುಟ್ಟು ನೋಡಿದ್ದರು. ಉಗುರಿನಷ್ಟರಿಂದ ಬೆರಳಿನಷ್ಟರವರೆಗೆ ಅಗಲವಿರುವ ಆ ತುಣುಕುಗಳು ಸಾಲುಸಾಲಾಗಿ ಕೂತಿವೆ. ಒಂದು ಬೂದಿಬಣ್ಣ, ಒಂದು ಹಸಿರಿಗೆ ತಿರುಗಿದ್ದು, ಒಂದು ಗುಳ್ಳೆಯೆದ್ದು ಹಾಳಾದದ್ದು, ಅದರ ಪಕ್ಕದಲ್ಲೇ ಮುಂಜಾನೆಯ ಆಕಾಶದಂಥ ನೀಲಿ. ಪ್ರತಿಯೊಂದರ ಮೇಲೂ ಸಂಖ್ಯೆ ಇದೆ, ಆ ಸಂಖ್ಯೆಗೆ ತಕ್ಕ ಮಿಶ್ರಣದ ವಿವರ ಅವರ ಪ್ರಯೋಗದ ಪುಸ್ತಕದಲ್ಲಿದೆ. ಕೆಲವು ತುಣುಕುಗಳ ಮೇಲೆ ಟಿಟಿಬಿಒ ಎಂಬ ಅಕ್ಷರಗಳಿವೆ: ಬಿಸ್ಕತ್ ಆವಿಗೆಯ, ಅಂದರೆ ಮಣ್ಣಿನ ವಸ್ತುಗಳನ್ನು ಮೊದಲ ಸಲ ಸುಡುವ ಗೂಡಿನ, ತುತ್ತತುದಿಯಲ್ಲಿಟ್ಟು ಸುಟ್ಟದ್ದು ಎಂಬುದರ ಗುರುತು. ಈ ಸಂಗ್ರಹ ಬಿಡಿಬಿಡಿಯಾಗಿ ಹರಾಜಾಗಿದ್ದರೆ ಚೆಂದದ ಹೂದಾನಿಗಳಿಗೆ ಎಲ್ಲಾದರೂ ಒಂದು ಮನೆ ಸಿಗುತ್ತಿತ್ತು. ಆದರೆ ಹಾಳಾದ ತುಣುಕು, ಅದರ ಸಂಖ್ಯೆ, ಆ ಸಂಖ್ಯೆಯ ಪುಸ್ತಕ, ಈ ಮೂರೂ ಒಂದೇ ಸೂರಿನಡಿ ಉಳಿಯುವುದು ಸಾಧ್ಯವಿರಲಿಲ್ಲ. ಅವು ಬೇರೆಯಾದರೆ ಒಂದರಿಂದ ಇನ್ನೊಂದನ್ನು ಓದಲಾಗದು. ಸಂಗ್ರಹವನ್ನು ಇಡಿಯಾಗಿ ಉಳಿಸುವುದೆಂದರೆ ಏನೆಂದು ನನಗೆ ಮನವರಿಕೆಯಾದದ್ದು ಆ ತಟ್ಟೆಗಳ ಮುಂದೆ.

ಇನ್ನು ಪಾಸಿನ ಬಳಕೆಯ ಮಾತು. ಇದಕ್ಕೆ ವರ್ಷಕ್ಕೆ ಎಂಬತ್ತು ಪೌಂಡಿನ ಆಸುಪಾಸು ಆಗುತ್ತದೆ; ಮೂವತ್ತರೊಳಗಿನವರಿಗೆ ದರ ಕಡಿಮೆ, ವಿದ್ಯಾರ್ಥಿಗಳಿಗೆ ಬೇರೆಯೇ ಅಗ್ಗದ ಪಾಸ್ ಇದೆ. ಪ್ರವೇಶ ಶುಲ್ಕವಿರುವ ನೂರಾರು ಮ್ಯೂಸಿಯಂಗಳು, ಗ್ಯಾಲರಿಗಳು ಮತ್ತು ಚಾರಿತ್ರಿಕ ಮನೆಗಳಲ್ಲಿ ಕೆಲವು ಕಡೆ ಉಚಿತ, ಕೆಲವು ಕಡೆ ರಿಯಾಯಿತಿ. ದೊಡ್ಡ ಮ್ಯೂಸಿಯಂಗಳ ವಿಶೇಷ ಪ್ರದರ್ಶನಗಳಲ್ಲಿ ಅನೇಕಕ್ಕೆ ಅರ್ಧ ದರ. ಲಂಡನ್ನಿನಲ್ಲಿ ದೊಡ್ಡ ಪ್ರದರ್ಶನದ ಟಿಕೆಟ್ಟು ಈಗ ಇಪ್ಪತ್ತು ಪೌಂಡಿನ ಆಸುಪಾಸಿನಲ್ಲಿರುವುದರಿಂದ, ವರ್ಷಕ್ಕೆ ಏಳೆಂಟು ಪ್ರದರ್ಶನ ನೋಡುವವರಿಗೆ ಕಟ್ಟಿದ ಹಣ ಮರಳಿ ಬರುತ್ತದೆ. ನನಗೆ ಹಾಗೆ ಬಂದದ್ದು ಹನ್ನೊಂದು ವರ್ಷಗಳಲ್ಲಿ ಆರೇಳು ವರ್ಷ ಮಾತ್ರ. ಸದಸ್ಯರಿಗೆ ಬರುವ ಆರ್ಟ್ ಕ್ವಾರ್ಟರ್ಲಿ ಪತ್ರಿಕೆಯನ್ನು ನಾನು ಇಡಿಯಾಗಿ ಓದುತ್ತೇನೆ. ಯಾವ ಊರಿನ ಮ್ಯೂಸಿಯಂ ಯಾವ ವಸ್ತುವನ್ನು ಕೊಂಡಿತು, ಏಕೆ ಕೊಂಡಿತು ಎಂಬ ಪುಟಗಳೇ ಅದರಲ್ಲಿ ನನಗೆ ಮುಖ್ಯ.

ನಾನು ಪಾಸನ್ನು ಮೊದಲು ಬಳಸಿದ ದೊಡ್ಡ ಪ್ರದರ್ಶನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 2015ರ ಅಕ್ಟೋಬರಿನಲ್ಲಿ ಆರಂಭವಾದ ಭಾರತದ ಬಟ್ಟೆಗಳ ಪ್ರದರ್ಶನ. ವೇಲ್ಸ್‌ನ ಪೊವಿಸ್ ಕೋಟೆಯಿಂದ ಟಿಪ್ಪುವಿನ ಡೇರೆಯನ್ನು ಅಲ್ಲಿಗೆ ತಂದಿದ್ದರು. ನಾನು ಶ್ರೀರಂಗಪಟ್ಟಣದವಳು. ದರಿಯಾ ದೌಲತ್ತಿನ ಗೋಡೆಗಳ ಮೇಲಿನ ಚಿತ್ತಾರ ನೋಡುತ್ತಾ ಬೆಳೆದ ನನಗೆ, ಬಿಳಿಯ ಹತ್ತಿಬಟ್ಟೆಯ ಮೇಲೆ ಹೂದಾನಿ, ಅದರಿಂದ ಎರಡೂ ಕಡೆಗೆ ಸಮನಾಗಿ ಬಾಗಿದ ಬಳ್ಳಿ, ಮಾಸಿದರೂ ಕೆಂಪಾಗಿಯೇ ಉಳಿದ ಹೂಗಳು ಕಂಡಾಗ ಊರಿನ ಯಾವುದೋ ಹಳೆಯ ಕೋಣೆಗೆ ಕಾಲಿಟ್ಟಂತಾಯಿತು. 1799ರ ನಂತರ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಕುಟುಂಬದ ಕೈಸೇರಿದ ಈ ಡೇರೆ ಪೊವಿಸ್‌ನ ತೋಟದ ಔತಣಕೂಟಗಳಲ್ಲಿ ಬಳಕೆಯಾಗಿತ್ತಂತೆ. ಹತ್ತಿರ ನಿಂತು ನೋಡಿದರೆ ಹೊಲಿಗೆಯ ಗೆರೆಗಳು ಕಾಣುತ್ತಿದ್ದವು. ಅರ್ಧ ದರದ ಟಿಕೆಟ್ಟಾದ್ದರಿಂದ ಎರಡು ತಿಂಗಳಲ್ಲಿ ಮತ್ತೊಮ್ಮೆ ಹೋಗಿ ನೋಡಿಬಂದೆ. ಪೂರ್ಣ ದರವಾಗಿದ್ದರೆ ರೈಲಿನ ಖರ್ಚಿನ ಮೇಲೆ ಅದೂ ಸೇರಿ ಹೋಗುತ್ತಲೇ ಇರಲಿಲ್ಲ.

ಈ ನಂಟಿನ ಇನ್ನೊಂದು ಎಳೆ ನನಗೆ ತಡವಾಗಿ ತಿಳಿಯಿತು. ಆರ್ಟ್ ಫಂಡ್ ಹುಟ್ಟಿಗೆ ಕಾರಣರಾದವರಲ್ಲಿ ಕ್ರಿಸ್ಟಿಯಾನಾ ಹೆರಿಂಗಮ್ ಎಂಬ ಕಲಾವಿದೆ ಪ್ರಮುಖರು. ಆರಂಭದ ಹಣವನ್ನೂ ಅವರೇ ಒದಗಿಸಿದರು. ಕೆಲವು ವರ್ಷಗಳ ನಂತರ ಅಜಂತಾ ಗುಹೆಗಳಿಗೆ ಹೋಗಿ, ಮಸುಕಾಗುತ್ತಿದ್ದ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಕೊಳ್ಳುವ ಕೆಲಸ ಹಿಡಿದವರೂ ಅವರೇ. ಅವರಿಗೆ ನೆರವಾದ ತರುಣ ಕಲಾವಿದರಲ್ಲಿ ನಂದಲಾಲ್ ಬೋಸ್ ಅವರೊಂದಿಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಮುಂದೆ ಕಾಲೇಜಿನ ದಿನಗಳಲ್ಲಿ ಎಷ್ಟೋ ಸಲ ಹಾದುಹೋಗಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಹಾಗೆಂದು ಈ ಫಂಡಿನ ಕೆಲಸದ ಹಿಂದಿರುವ ಪ್ರಶ್ನೆಗಳನ್ನು ನಾನು ಮರೆತಿಲ್ಲ. ಮಹತ್ವದ ಕಲಾಕೃತಿಯೊಂದು ವಿದೇಶಕ್ಕೆ ಮಾರಾಟವಾಗುವ ಸಂದರ್ಭದಲ್ಲಿ ಬ್ರಿಟಿಷ್ ಸರ್ಕಾರ ರಫ್ತಿನ ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿಯುತ್ತದೆ. ಆ ಗಡುವಿನೊಳಗೆ ದೇಶದ ಮ್ಯೂಸಿಯಂಗಳು ಹಣ ಹೊಂದಿಸಿಕೊಂಡು ಅದನ್ನು ಕೊಳ್ಳಬಹುದು. ಆರ್ಟ್ ಫಂಡ್ ಬಹಳಷ್ಟು ಸಲ ನೆರವಿಗೆ ಬರುವುದು ಇಲ್ಲಿಯೇ. ಇಂಗ್ಲಿಷ್ ಚಿತ್ರಕಾರ ರೆನಾಲ್ಡ್ಸ್ ಬರೆದ ಮಾಯ್ ಎಂಬ ಪಾಲಿನೇಷಿಯಾದ ತರುಣನ ಭಾವಚಿತ್ರವನ್ನು 2023ರಲ್ಲಿ 5 ಕೋಟಿ ಪೌಂಡ್ ಕೊಟ್ಟು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಮತ್ತು ಅಮೆರಿಕದ ಗೆಟ್ಟಿ ಸಂಸ್ಥೆ ಜಂಟಿಯಾಗಿ ಕೊಂಡಾಗ ಅದರಲ್ಲಿ 25 ಲಕ್ಷ ಆರ್ಟ್ ಫಂಡ್ ಕೊಟ್ಟದ್ದು. ಆದರೆ ಇದೇ ನಿಯಮದಡಿ 2021ರ ನವೆಂಬರಿನಲ್ಲಿ ತಡೆಹಿಡಿದ ವಸ್ತುಗಳಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಯ ತಲೆಯೂ ಒಂದು. ಬೆಲೆ ಸುಮಾರು 15 ಲಕ್ಷ ಪೌಂಡ್. ಶ್ರೀರಂಗಪಟ್ಟಣದಲ್ಲಿ ಒಡೆದು ಹಂಚಿಕೊಂಡ ಸಿಂಹಾಸನದ ತುಂಡೊಂದು ಬ್ರಿಟನ್ನಿನಿಂದ ಹೊರಹೋಗುವುದು ಆ ದೇಶಕ್ಕೆ ನಷ್ಟ ಎಂಬ ಸುದ್ದಿಯನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ತಡೆಹಿಡಿಯುವ ತೀರ್ಮಾನ ಸರ್ಕಾರದ್ದೇ ಹೊರತು ಫಂಡಿನದಲ್ಲ ಎಂಬುದು ನಿಜ. ಆದರೂ ನಾನು ಕೊಡುವ ಚಂದಾ ಯಾವ ವ್ಯವಸ್ಥೆಯೊಳಗೆ ಹರಿಯುತ್ತದೆ ಎಂಬುದನ್ನು ತಿಳಿದೇ ಕೊಡಬೇಕು ಎಂದುಕೊಂಡೆ. ಒಂದು ರಾತ್ರಿ ಯೋಚಿಸಿದ ಮೇಲೆ ಸದಸ್ಯತ್ವವನ್ನು ಮುಂದುವರಿಸಿದೆ. ಆ ವಸ್ತು ಯಾವುದೋ ಸಿರಿವಂತನ ತಿಜೋರಿಗೆ ಸೇರಿದರೆ ಅದು ಯಾರದೆಂದು ಕೇಳಲು ಯಾರಿಗೂ ಅದು ಕಣ್ಣಿಗೇ ಬೀಳುವುದಿಲ್ಲ. ಸಾರ್ವಜನಿಕರ ಎದುರಿಗಿದ್ದರೆ ಆ ಪ್ರಶ್ನೆಯೂ ಅದರ ಜೊತೆಯಲ್ಲೇ ಬದುಕಿರುತ್ತದೆ. ಇದನ್ನು ಒಪ್ಪದವರ ಮಾತಿನಲ್ಲಿಯೂ ಬಲವಿದೆ ಎಂದು ನಾನು ಬಲ್ಲೆ.

ಪಾಸಿನ ಮಿತಿಗಳನ್ನೂ ಹೇಳಬೇಕು. ರಾಷ್ಟ್ರೀಯ ಮ್ಯೂಸಿಯಂಗಳು 2001ರ ಡಿಸೆಂಬರಿನಿಂದ ಎಲ್ಲರಿಗೂ ಉಚಿತವಾಗಿವೆ, ಅದಕ್ಕಾಗಿ ಹೋರಾಡಿದವರಲ್ಲಿ ಆರ್ಟ್ ಫಂಡ್ ಕೂಡ ಸೇರಿತ್ತು. ಆದ್ದರಿಂದ ಶಾಶ್ವತ ಸಂಗ್ರಹಗಳನ್ನಷ್ಟೇ ನೋಡುವವರಿಗೆ ಈ ಪಾಸಿನ ಅಗತ್ಯವಿಲ್ಲ. ದೊಡ್ಡ ಪ್ರದರ್ಶನಗಳಲ್ಲಿ ಹೆಚ್ಚಿನವು ಲಂಡನ್ನಿನಲ್ಲಿಯೇ ನಡೆಯುವುದರಿಂದ ದೂರದ ಊರುಗಳಲ್ಲಿರುವವರಿಗೆ ಉಳಿತಾಯವನ್ನೆಲ್ಲ ರೈಲಿನ ಟಿಕೆಟ್ಟು ನುಂಗುತ್ತದೆ. ಟಿಕೆಟ್ಟು ಮುಗಿದ ಪ್ರದರ್ಶನಕ್ಕೆ ಈ ಪಾಸ್ ಒಳಗೆ ಬಿಡಿಸುವುದಿಲ್ಲ. ಒಂದೇ ಮ್ಯೂಸಿಯಂಗೆ ಪದೇ ಪದೇ ಹೋಗುವವರಿಗೆ ಆ ಮ್ಯೂಸಿಯಂನ ಸ್ವಂತ ಸದಸ್ಯತ್ವವೇ ಲಾಭ. ಒಮ್ಮೆ ಹಳ್ಳಿಗಾಡಿನ ಒಂದು ಸಣ್ಣ ಮ್ಯೂಸಿಯಂಗೆ ಎರಡು ಬಸ್ಸು ಬದಲಾಯಿಸಿ ಹೋದಾಗ, ಅಲ್ಲಿನ ರಿಯಾಯಿತಿ ಹಿಂದಿನ ತಿಂಗಳೇ ನಿಂತುಹೋಗಿತ್ತು. ಬಾಗಿಲಲ್ಲಿದ್ದ ಸ್ವಯಂಸೇವಕಿಗೆ ಪಾಸ್ ಯಾವುದೆಂದೂ ಗೊತ್ತಿರಲಿಲ್ಲ. ಪೂರ್ತಿ ಹಣ ಕೊಟ್ಟು ಒಳಗೆ ಹೋದೆ. ಅಂದಿನಿಂದ ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನೀವೂ ಹಾಗೆಯೇ ಮಾಡಿ.

ಸಣ್ಣ ಊರುಗಳ ಮ್ಯೂಸಿಯಂಗಳನ್ನು ಫಂಡ್ ಮರೆತಿಲ್ಲ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ. 2020ರಲ್ಲಿ ವರ್ಷದ ಮ್ಯೂಸಿಯಂ ಪ್ರಶಸ್ತಿಯನ್ನು ಒಬ್ಬರಿಗೇ ಕೊಡದೆ ಐದು ಮ್ಯೂಸಿಯಂಗಳಿಗೆ ತಲಾ 40,000 ಪೌಂಡ್ ಹಂಚಿದರು. ಲಂಡನ್ನಿನ ಸೈನ್ಸ್ ಮ್ಯೂಸಿಯಂ ಜೊತೆಯಲ್ಲಿ ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಗೇರ್ಲಾಕ್ ಎಂಬ ಪುಟ್ಟ ಊರಿನ ಮ್ಯೂಸಿಯಂ ಕೂಡ ಆ ಪಟ್ಟಿಯಲ್ಲಿತ್ತು. ಶೀತಲ ಸಮರದ ಕಾಲದ ಬಂಕರ್ ಒಂದನ್ನು ಊರಿನವರೇ ಮುಂದೆ ನಿಂತು ಮ್ಯೂಸಿಯಂ ಮಾಡಿಕೊಂಡದ್ದು ಅದು. ನಾನಿನ್ನೂ ಅಲ್ಲಿಗೆ ಹೋಗಿಲ್ಲ.

ಮಕ್ಕಳಿರುವ ಮನೆಯವರು, ವರ್ಷಕ್ಕೆ ನಾಲ್ಕಾರು ಸಲ ಲಂಡನ್ನಿಗೆ ಹೋಗುವವರು, ವಿದ್ಯಾರ್ಥಿಗಳು ಇದನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಉಳಿದವರು ಇದನ್ನು ದಾನವೆಂದು ಭಾವಿಸಿ, ರಿಯಾಯಿತಿಯನ್ನು ಅದರ ಮೇಲಿನ ಕೊಸರೆಂದು ಎಣಿಸುವುದು ಸರಿ. ನಾನು ಈ ಸಲ ಒಬ್ಬಳ ಪಾಸಿನ ಬದಲು ಜೊತೆಗೊಬ್ಬರನ್ನು ಕರೆದೊಯ್ಯುವ ಪಾಸ್ ಮಾಡಿಸಿದ್ದೇನೆ, ಏಕೆಂದರೆ ಬೇಸಿಗೆಯಲ್ಲಿ ಅಮ್ಮ ಬರುತ್ತಿದ್ದಾರೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ, ಮರದಲ್ಲಿ ಕೆತ್ತಿದ ಟಿಪ್ಪುವಿನ ಹುಲಿಯನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. "ನಮ್ಮ ಪಟ್ಟಣದ ಹುಲಿ ನೋಡೋಕೂ ಅಲ್ಲಿ ದುಡ್ಡು ಕೊಡಬೇಕೇನೇ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದರು. ಅದಕ್ಕೆ ದುಡ್ಡಿಲ್ಲಮ್ಮ, ಯಾರು ಬೇಕಾದರೂ ಹೋಗಿ ನೋಡಬಹುದು, ಪಾಸ್ ಮಾಡಿಸಿರುವುದು ಅಲ್ಲಿಂದ ಮುಂದೆ ನಾವು ನೋಡುವ ಉಳಿದವಕ್ಕೆ ಎಂದೆ.