ಹಾಲ್‌ನಲ್ಲಿ ಕಲಿಸುವುದೋ, ಮಷಿನ್ ಪಕ್ಕದಲ್ಲೋ?

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಹೊಸಬರನ್ನು ತಯಾರು ಮಾಡುವ ತರಬೇತುದಾರರಿಗೆ ಮೊದಲು ಎದುರಾಗುವ ಆಯ್ಕೆ ಇದು.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಕೂಲಿಯ ಲೆಕ್ಕ, ಬೆಂಕಿ ಬಿದ್ದರೆ ಹೊರಬರುವ ದಾರಿ ಇಂಥವಕ್ಕೆ ಹಾಲ್ ಸಾಕು. ಒಂದೇ ಸಲಕ್ಕೆ 25 ಜನ ಕೂರಬಹುದು, ಎಲ್ಲರಿಗೂ ಒಂದೇ ಮಾತು ಮುಟ್ಟುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಊಟದ ನಂತರ ಏನು ಹೇಳಿದರೂ ತಲೆಗೆ ಹತ್ತುವುದಿಲ್ಲ. ಬೆಳಿಗ್ಗೆ 11ರೊಳಗೆ ಮುಗಿಸಿ.

ಕೈಕೆಲಸಕ್ಕೆ ಮಾತ್ರ ಮಷಿನ್ ಪಕ್ಕವೇ ಬೇಕು. ಒಬ್ಬ ತರಬೇತುದಾರರಿಗೆ ಮೂರು ಅಥವಾ ನಾಲ್ಕು ಜನ. ಹೆಚ್ಚಾದರೆ ಹಿಂದೆ ನಿಂತವರಿಗೆ ಸೂಜಿಯೇ ಕಾಣದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ರೂಢಿಗೆ ಬಂದ ನಾಲ್ಕು ಹಂತ ಇಂದಿಗೂ ನಂಬಿಕಸ್ಥ: ಕಲಿಯುವವರನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು, ಆಮೇಲೂ ಬಂದು ನೋಡುತ್ತಿರುವುದು. ಎಡವುವುದು ಮೂರನೆಯದರಲ್ಲಿ. "ತಿಳೀತೇನವ್ವಾ?" ಎಂದರೆ "ಹ್ಞೂಂರಿ" ಎಂದೇ ಉತ್ತರ, ಕಲಿಸುವವರೆದುರು ಇಲ್ಲ ಅನ್ನಲು ಸಂಕೋಚ. ಹಾಗೆ ಕೇಳಲೇಬೇಡಿ. ಹೊಲಿಸಿ, ಪ್ರತಿ ಹೆಜ್ಜೆಯ ಕಾರಣ ಅವರ ಬಾಯಿಂದಲೇ ಹೇಳಿಸಿ. ಬಟ್ಟೆಯ ಹಲವು ಪದರ ಸೇರುವಲ್ಲಿ ಎಳೆದರೆ ಸೂಜಿ ಬಾಗಿ ಮುರಿಯುತ್ತದೆ ಎಂಬುದು ಹೇಳುವಾಗಲೇ ಮನಸ್ಸಿಗೆ ಇಳಿಯುವುದು.

ಮಷಿನ್ ಪಕ್ಕದ ಕಲಿಕೆಯಲ್ಲಿ ಅಪಾಯವೂ ಇದೆ. ಹಳಬರು ಬೇಗ ಮುಗಿಸಲು ಬೆರಳು ಕಾಯುವ ಸೂಜಿಯ ಗಾರ್ಡ್ ಬಿಚ್ಚಿಟ್ಟಿದ್ದರೆ ಹೊಸಬರೂ ಅದನ್ನೇ ಕಲಿಯುತ್ತಾರೆ. ಪೀಸ್ ಲೆಕ್ಕದ ಕೂಲಿಯಿದ್ದಲ್ಲಿ ಕಲಿಸುವ ಹಳಬರಿಗೆ ಆ ಹೊತ್ತಿನ ದುಡ್ಡು ಹೋಗುತ್ತದೆ. ಅದನ್ನು ಕಟ್ಟಿಕೊಡುವಂತೆ ಮಾಲೀಕರೊಂದಿಗೆ ಮೊದಲೇ ಮಾತಾಡಿ, ಇಲ್ಲವಾದರೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ.

ಎರಡೇ ದಿನ ಸಿಕ್ಕರೆ ಮೊದಲ ಬೆಳಿಗ್ಗೆ ಮಾತ್ರ ಹಾಲ್, ಉಳಿದದ್ದೆಲ್ಲ ಮಷಿನ್ ಪಕ್ಕ.