ಮೌಸ್ ಬಿಟ್ಟು 4 ವರ್ಷ: ಹೆಬ್ಬೆರಳಿನ ಟ್ರ್ಯಾಕ್‌ಬಾಲೋ, ಬೆರಳಿನದೋ?

ದಾವಣಗೆರೆ ಮಂಡಿಪೇಟೆ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಡಿಸೈನ್, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಇಷ್ಟೇ ಕೆಲಸ. ಮದುವೆ ಸೀಸನ್‌ನಲ್ಲಿ ದಿನಕ್ಕೆ 10 ಗಂಟೆ ಕೋರಲ್ ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್ ಮುಂದೆ ಕೂರುತ್ತೇನೆ. "ಹೆಸರು ಸ್ವಲ್ಪ ಮ್ಯಾಲೆ ಸರಿಸ್ರಿ, ಗಣಪತಿನ ಇನ್ನೊಂಚೂರು ದೊಡ್ಡದು ಮಾಡ್ರಿ" ಅಂತ ಮದುವೆ ಮನೆಯವರು ಪಕ್ಕದಲ್ಲೇ ನಿಂತು ಹೇಳುತ್ತಿದ್ದರೆ ಮೌಸ್‌ನಿಂದ ಕೈ ತೆಗೆಯೋ ಹಾಗೇ ಇಲ್ಲ. 4 ವರ್ಷದ ಹಿಂದೆ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಹಿಡಿಯಿತು. ರಾತ್ರಿ ನೀರಿನ ಚೊಂಬು ಎತ್ತುವುದೂ ಕಷ್ಟವಾಯಿತು.

ಟ್ರ್ಯಾಕ್‌ಬಾಲ್ ಅಂದರೆ ಮೌಸ್ ಬದಲಿಗೆ ಬಳಸುವ ಸಾಧನ: ಅದು ಇಟ್ಟಲ್ಲೇ ಇರುತ್ತದೆ, ಅದರಲ್ಲಿರುವ ಗುಂಡು ಉರುಳಿಸಿದರೆ ಪಾಯಿಂಟರ್ ಸರಿಯುತ್ತದೆ. ಅದನ್ನು ನಾನು ಮೊದಲು ನೋಡಿದ್ದು ಕಂಪ್ಯೂಟರ್ ಅಂಗಡಿಯಲ್ಲಲ್ಲ, ಸ್ಕ್ಯಾನಿಂಗ್ ಸೆಂಟರ್‌ನಲ್ಲಿ. ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಒಂದು ಕೈಯಲ್ಲಿ ಹೊಟ್ಟೆ ಮೇಲೆ ಪ್ರೋಬ್ ಆಡಿಸುತ್ತಾ, ಇನ್ನೊಂದು ಕೈಯನ್ನು ಮೆಷಿನ್ ಮೇಲೆ ಸುಮ್ನೆ ಇಟ್ಟು, ಬೆರಳಲ್ಲಿ ಒಂದು ಗುಂಡು ಉರುಳಿಸಿ ಅಳತೆ ಗುರುತು ಹಾಕುತ್ತಿದ್ದರು. ಕೈ ಅಲುಗಾಡುತ್ತಲೇ ಇರಲಿಲ್ಲ. ನನಗೆ ಬೇಕಾದದ್ದು ಇದೇ ಅಂತ ಅಲ್ಲೇ ಅನಿಸಿತು.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಲಾಜಿಟೆಕ್ ಎಂ575 ಥರದ್ದು: ಗುಂಡು ಪಕ್ಕದಲ್ಲಿರುತ್ತದೆ, ಹೆಬ್ಬೆರಳಲ್ಲಿ ತಿರುಗಿಸಬೇಕು. ಕ್ಲಿಕ್ಕು, ಸ್ಕ್ರಾಲ್ ವೀಲ್ ಎಲ್ಲ ಮೌಸ್‌ನಂತೆಯೇ, ಹಾಗಾಗಿ ಬೇಗ ಕೈಗೆ ಹತ್ತುತ್ತದೆ. ಇನ್ನೊಂದು, ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್ ಥರದ್ದು. ಹೆಸರಲ್ಲಿ ಮೌಸ್ ಇದ್ದರೂ ಅದು ಟ್ರ್ಯಾಕ್‌ಬಾಲೇ. 55 ಮಿಲಿಮೀಟರ್ ಗುಂಡು ನಡುವೆ ಕೂತಿರುತ್ತದೆ, ತೋರುಬೆರಳು ಮತ್ತು ನಡುಬೆರಳಲ್ಲಿ ಉರುಳಿಸಬೇಕು. ಸುತ್ತ 4 ಬಟನ್, ಸ್ಕ್ರಾಲ್ ಮಾಡಲು ಗುಂಡಿನ ಸುತ್ತ ಒಂದು ಬಳೆ.

ನಾನು ಮೊದಲು ತಗೊಂಡದ್ದು ಹೆಬ್ಬೆರಳಿನದು. ಸುಮಾರು ಎರಡು ವಾರ ಒದ್ದಾಡಿದೆ. ಪಾಯಿಂಟರ್ ಎಲ್ಲೋ ಹೋಗಿ ನಿಲ್ಲುತ್ತಿತ್ತು. ವಿಂಡೋಸ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಆನ್ ಮಾಡಿದ ಮೇಲೆ ದಾರಿಗೆ ಬಂತು: ನಿಧಾನ ಉರುಳಿಸಿದರೆ ಕೂದಲೆಳೆಯಷ್ಟು ಸರಿಯುತ್ತದೆ, ಒಮ್ಮೆ ಜೋರಾಗಿ ತಳ್ಳಿದರೆ ಪರದೆಯ ಆ ಕಡೆಗೇ ಹೋಗುತ್ತದೆ. ಒಂದು ತಿಂಗಳಲ್ಲಿ ಮಣಿಕಟ್ಟಿನ ನೋವು ಎಷ್ಟೋ ಕಡಿಮೆಯಾಯಿತು. ನಮ್ಮ ಗಾಜಿನ ಕೌಂಟರ್ ಮೇಲೆ ಮೌಸ್ ಸರಿಯಾಗಿ ಓಡುತ್ತಲೇ ಇರಲಿಲ್ಲ, ಪ್ಯಾಡ್ ಹಾಕೋಣ ಅಂದರೆ ಪತ್ರಿಕೆ ಸ್ಯಾಂಪಲ್‌ಗಳೇ ಜಾಗ ತುಂಬಿಕೊಂಡಿರುತ್ತವೆ. ಇದು ಇಟ್ಟಲ್ಲೇ ಕೂರುತ್ತದೆ, ಕೆಳಗೆ ಗಾಜಿದ್ದರೂ ಚಿಂತೆಯಿಲ್ಲ.

ಆದರೆ ಒಂದೂವರೆ ವರ್ಷಕ್ಕೆ ಹೆಬ್ಬೆರಳ ಬುಡ ಹಿಡಿದುಕೊಳ್ಳಲು ಶುರುವಾಯಿತು. ತಪ್ಪು ಆ ವಸ್ತುವಿನದ್ದಲ್ಲ. ಟೈಪ್ ಮಾಡುವಾಗ ಸ್ಪೇಸ್ ಬಾರ್ ಒತ್ತೋದು ಬಲ ಹೆಬ್ಬೆರಳೇ, ಡಿಸೈನ್ ಮಾಡುವಾಗ ಗುಂಡು ತಿರುಗಿಸೋದೂ ಅದೇ, ಮಧ್ಯೆ ಮೊಬೈಲ್‌ನಲ್ಲಿ ವಾಟ್ಸ್‌ಆ್ಯಪ್ ಪ್ರೂಫ್ ಕಳಿಸೋದೂ ಅದೇ. ಒಂದೇ ಬೆರಳಿಗೆ ಮೂರು ಕೆಲಸ ಹೊರಿಸಿದ್ದೆ. ಇದನ್ನು ಕೊಳ್ಳುವ ಮೊದಲೇ ಯಾರಾದರೂ ನನಗೆ ಹೇಳಬೇಕಿತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬ್ರ್ಯಾಂಡ್, ಬೆಲೆ ಆಮೇಲೆ ನೋಡಿ. ನಿಮ್ಮ ಯಾವ ಬೆರಳು ದಿನವಿಡೀ ದುಡಿಯುತ್ತದೆ, ಯಾವುದು ಖಾಲಿ ಇದೆ ಅಂತ ಮೊದಲು ನೋಡಿ.

ಆಮೇಲೆ ಎಕ್ಸ್‌ಪರ್ಟ್ ಮೌಸ್ ತರಿಸಿದೆ. ಬೆಲೆ ಜಾಸ್ತಿ, ಸಾಮಾನ್ಯ ಮೌಸ್‌ನ ಹಲವು ಪಟ್ಟು. ಎತ್ತರವೂ ಇದೆ, ಅದಕ್ಕೆ ಜೊತೆಗೆ ಬರುವ ಮಣಿಕಟ್ಟಿನ ದಿಂಬು ತೆಗೆಯಬೇಡಿ. ಡ್ರ್ಯಾಗ್ ಮಾಡೋದು ಮೊದಮೊದಲು ಕಷ್ಟ, ಬಟನ್ ಒತ್ತಿ ಹಿಡಿದೇ ಗುಂಡು ಉರುಳಿಸಬೇಕಲ್ವಾ. ಅಕ್ಷರವನ್ನು ಒಂಚೂರು ಸರಿಸೋಕೆ ಈಗ ಕೀಬೋರ್ಡಿನ ಬಾಣದ ಕೀಗಳನ್ನೇ ಬಳಸುತ್ತೇನೆ. ಎರಡೂ ಕೈಗೆ ಹೊಂದುವ ಆಕಾರ ಇರುವುದರಿಂದ ಸೀಸನ್‌ನಲ್ಲಿ ಮಧ್ಯಾಹ್ನದ ಮೇಲೆ ಎಡಗೈಗೆ ಬದಲಿಸುತ್ತೇನೆ. ಹೆಬ್ಬೆರಳಿನ ಮಾದರಿಗಳು ಬಹುಪಾಲು ಬಲಗೈಗೆ ಮಾತ್ರ. ಎರಡೂವರೆ ವರ್ಷದಿಂದ ಇದೇ ನಡೆಯುತ್ತಿದೆ, ಹೆಬ್ಬೆರಳೂ ಆರಾಮಾಗಿದೆ.

ಸ್ವಚ್ಛ ಮಾಡೋದು ಮಾತ್ರ ತಪ್ಪಿಸುವ ಹಾಗಿಲ್ಲ. ಗುಂಡು ಮೂರು ಸಣ್ಣ ಮಣಿಗಳ ಮೇಲೆ ಕೂತಿರುತ್ತದೆ, ಕೈಯ ಕೊಳೆ, ಧೂಳು ಅಲ್ಲೇ ಗಟ್ಟಿಯಾಗಿ ಅಂಟುತ್ತದೆ. ನಮ್ಮೂರ ಬೇಸಿಗೆ ಧೂಳಿಗೆ ವಾರಕ್ಕೊಮ್ಮೆ ಬೇಕೇ ಬೇಕು. ಗುಂಡು ಎತ್ತಿ, ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಮಣಿಗಳನ್ನು ಒರೆಸಿದರೆ ಆಯಿತು, ಎರಡು ನಿಮಿಷದ ಕೆಲಸ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಮುಟ್ಟಿದರೆ ಮಾರನೇ ದಿನವೇ ತಡೆತಡೆದು ಉರುಳುತ್ತದೆ. ಹಾಗಂತ ಗುಂಡನ್ನು ಸೋಪು ಹಾಕಿ ತೊಳೆದರೂ ಸ್ವಲ್ಪ ಹೊತ್ತು ಬಿಗಿಯಾಗಿರುತ್ತದೆ, ಅಂಗೈಯಲ್ಲಿ ಚೆನ್ನಾಗಿ ಹೊರಳಿಸಿ ಇಟ್ಟರೆ ಸರಿಹೋಗುತ್ತದೆ.

ಹಳೆಯ ಹೆಬ್ಬೆರಳಿನದನ್ನು ಅಂಗಡಿ ಹುಡುಗನಿಗೆ ಕೊಟ್ಟಿದ್ದೇನೆ. ಅವನು ದಿನಕ್ಕೆ ಎರಡು ಗಂಟೆ ಬಿಲ್ಲಿಂಗ್ ಮಾಡುತ್ತಾನೆ, ಟೈಪಿಂಗ್ ಕಡಿಮೆ. "ಅಣ್ಣಾ, ಮೌಸ್ ವಾಪಸ್ ಬೇಡ" ಅನ್ನುತ್ತಾನೆ. ಒಂದು ವರ್ಷವಾಯಿತು, ಅವನ ಹೆಬ್ಬೆರಳಿಗೆ ಏನೂ ಆಗಿಲ್ಲ.