‘ಪ್ಲಾಸ್ಟರ್‌ನಲ್ಲಿ ಮುಚ್ಚೋಣ ಸಾರ್’ ಅನ್ನುವವರಿಗೆ ಎಕ್ಸ್‌ಪೋಸ್ಡ್ ಕಾಂಕ್ರೀಟ್ ಮನೆ ಕೊಡಬೇಡಿ

ಬೆಂಗಳೂರಿನ ಒಂದು 40-60 ಸೈಟು. ಗ್ರೌಂಡ್ ಪ್ಲಸ್ ಒನ್ ಮನೆ. ಹೊರಗೆ ಪ್ಲಾಸ್ಟರ್ ಇಲ್ಲ, ಪೇಂಟ್ ಇಲ್ಲ. ರಸ್ತೆಯ ಕಡೆಗೆ ಹತ್ತಡಿ ಎತ್ತರದ ಕಾಂಕ್ರೀಟ್ ಗೋಡೆ, ಮೇಲೆ ಐದಡಿ ಹೊರಚಾಚಿದ ಬಾಲ್ಕನಿ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ಕಲ್ಲು-ಕಾಂಕ್ರೀಟಿನಲ್ಲಿ ಮಾಡಿದ್ದನ್ನು ನೋಡಿದವರಿಗೆ ಇಂಥ ಆಸೆ ಹುಟ್ಟುವುದು ಸಹಜವೇ. ಈಗ ಈ ಮನೆಯ ಗೋಡೆಗೆ ಟೆಕ್ಸ್ಚರ್ ಪೇಂಟ್ ಬಳಿದಿದ್ದಾರೆ, ಬಾಲ್ಕನಿ ಒಡೆದು ಹೊಸದಾಗಿ ಹಾಕಿದ್ದಾರೆ. ಕಂಟ್ರಾಕ್ಟರ್ ಮೋಸಗಾರನೇನಲ್ಲ, ಮಾಮೂಲಿ ಮನೆಗಳನ್ನು ಚೆನ್ನಾಗಿಯೇ ಕಟ್ಟುತ್ತಾನೆ. ಆದರೆ ಮಾಮೂಲಿ ಮನೆಯಲ್ಲಿ ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್‌ನವನ ತಪ್ಪನ್ನು ಗಾರೆಯವನು ಮುಚ್ಚುತ್ತಾನೆ, ಗಾರೆಯವನ ತಪ್ಪನ್ನು ಪೇಂಟರ್ ಮುಚ್ಚುತ್ತಾನೆ. ಇಲ್ಲಿ ಆ ಇಬ್ಬರೂ ಇಲ್ಲ. ಅಗ್ರಿಮೆಂಟ್ ಮಾತ್ರ ಅದೇ ಹಳೆಯದು: ಚದರಕ್ಕೆ (ನೂರು ಚದರಡಿಗೆ) ಇಷ್ಟು ರೇಟು, ಕೊನೆಯಲ್ಲಿ ‘ಎಕ್ಸ್‌ಪೋಸ್ಡ್ ಫಿನಿಶ್’ ಅಂತ ಒಂದು ಸಾಲು.

ಮೊದಲು ಕೆಟ್ಟದ್ದು ಗೋಡೆ. ಡ್ರಾಯಿಂಗ್‌ನಲ್ಲೇ ಅದು ಬರೀ 150 ಮಿ.ಮೀ. ದಪ್ಪ. ಎರಡೂ ಕಡೆ 25 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ದಪ್ಪ), ಒಂದೊಂದು ಕಡೆಗೂ ಅಡ್ಡ-ಉದ್ದ 10 ಎಂಎಂ ಕಂಬಿ. ಅಂದರೆ ಒಂದು ಬದಿಗೆ 45, ಎರಡಕ್ಕೆ 90. ನಡುವೆ ಉಳಿಯುವುದು 60 ಮಿ.ಮೀ. ಅದರೊಳಗೇ 25 ಎಂಎಂ ಕರೆಂಟ್ ಪೈಪು ಬೇರೆ ಇಳಿಸಿದರು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸೂಜಿ ಎಲ್ಲಿಂದ ಹೋಗಬೇಕು? ಗೋಡೆ 200 ಮಿ.ಮೀ. ಇದ್ದಿದ್ದರೆ ನಡುವೆ 110 ಸಿಗುತ್ತಿತ್ತು, 40 ಎಂಎಂ ಸೂಜಿ ಆರಾಮಾಗಿ ಇಳಿಯುತ್ತಿತ್ತು. ಇದು ಮೇಸ್ತ್ರಿಯ ತಪ್ಪಲ್ಲ, ನಕ್ಷೆ ಬರೆದವರದ್ದು.

ಮೇಸ್ತ್ರಿಯ ತಪ್ಪು ಮುಂದಿನದು. ನಾಲ್ಕಾರು ಸೈಟ್ ಸುತ್ತಿ ಬಂದ ಪ್ಲೈವುಡ್ಡನ್ನೇ ಸೆಂಟ್ರಿಂಗ್‌ಗೆ ತಂದ. ಜೋಡಣೆಯ ಸಂದಿಗೆ ಫೋಮ್ ಟೇಪ್ ಇಲ್ಲ. ಕಾಂಕ್ರೀಟನ್ನು ಹತ್ತಡಿ ಮೇಲಿಂದ ನೇರವಾಗಿ ಸುರಿದರು; ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಒಂದೂವರೆ ಮೀಟರ್‌ಗಿಂತ ಎತ್ತರದಿಂದ ಬೀಳಿಸಬಾರದು, ಅದಕ್ಕೆ ಪೈಪು ಇಳಿಬಿಡಬೇಕು. ಬೀಳುವಾಗ ಜಲ್ಲಿ ಕಂಬಿಗೆ ಬಡಿದು ಬೇರೆಯಾಯಿತು, ಸಿಮೆಂಟ್ ಹಾಲು ಬುಡದ ಸಂದಿಯಿಂದ ಸೋರಿಹೋಯಿತು. ಸೆಂಟ್ರಿಂಗ್ ಬಿಚ್ಚಿದಾಗ ಬುಡದಲ್ಲಿ ಒಂದಡಿ ಎತ್ತರಕ್ಕೆ ಬರೀ ಜಲ್ಲಿ, ಎರಡು ಕಡೆ ಕಂಬಿಯೇ ಇಣುಕುತ್ತಿತ್ತು.

ಇಲ್ಲೇ ಹುಷಾರಾಗಿರಬೇಕು. ಬಿಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಒಬ್ಬ ಬಾಂಡ್ಲಿಯಲ್ಲಿ ಸಿಮೆಂಟ್ ಕಲಸಿ ಆ ತೂತುಗಳಿಗೆ ಮೆತ್ತಿಬಿಟ್ಟ. ಓನರ್ ಸಾಯಂಕಾಲ ಬಂದಾಗ ಗೋಡೆ ನುಣ್ಣಗಿತ್ತು. ಮೆತ್ತಿದ್ದು ಒಣಗಿದ ಮೇಲೆ ಬೇರೆ ಬಣ್ಣಕ್ಕೆ ತಿರುಗಿ ತೇಪೆ ಹಾಕಿದ ಹಾಗೆ ಕಾಣತೊಡಗಿತು. ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು. ಸರಿಯಾದ ದಾರಿ ಬೇರೆ: ಮೊದಲು ಫೋಟೋ, ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್, ಅವರು ಹೇಳಿದ ಮೇಲೆ ಸಡಿಲ ಇರುವುದನ್ನೆಲ್ಲ ಗಟ್ಟಿ ಸಿಗುವ ತನಕ ಒಡೆದು ತೆಗೆದು ರಿಪೇರಿಗೆಂದೇ ಬರುವ ಮೈಕ್ರೋ ಕಾಂಕ್ರೀಟ್ ತುಂಬುವುದು. ಸೆಂಟ್ರಿಂಗ್ ಬಿಚ್ಚುವ ದಿನ ನಿಮ್ಮ ಕಡೆಯವರೊಬ್ಬರು ಅಲ್ಲಿ ಇರಲೇಬೇಕು.

ಇನ್ನೊಂದಿಷ್ಟು ಚಿಲ್ಲರೆ ಗಾಯಗಳೂ ಇದ್ದವು. ಕಂಬಿಯನ್ನು ಅಚ್ಚಿನಿಂದ ದೂರ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿದ್ದು ಮುಖದ ಮೇಲೇ ಕಂಡಿತು. ಪ್ಲೈ ಬಿಗಿಯಲು ಹಾಕಿದ ಬೈಂಡಿಂಗ್ ವೈರ್ ತುದಿಗಳು ಮೊದಲ ಮಳೆಗೇ ತುಕ್ಕಿನ ಗೆರೆ ಇಳಿಸಿದವು. ಪ್ಲೈಗೆ ಬಳಿದದ್ದು ಗ್ಯಾರೇಜಿನ ವೇಸ್ಟ್ ಆಯಿಲ್, ಅದರ ಕಪ್ಪು ಕಲೆ ಬಿಡುವುದೇ ಇಲ್ಲ. ಕ್ಯೂರಿಂಗ್‌ಗೆ ಗೋಡೆಗೆ ಒದ್ದೆ ಗೋಣಿಚೀಲ ಸುತ್ತುವುದು ಒಳ್ಳೆಯ ಅಭ್ಯಾಸವೇ, ಆದರೆ ಇಂಥ ಗೋಡೆಗಲ್ಲ. ಗೋಣಿಯ ಕಂದು ಬಣ್ಣ ಕಾಂಕ್ರೀಟಿಗೆ ಹತ್ತುತ್ತದೆ. ಪ್ಲಾಸ್ಟಿಕ್ ಶೀಟ್ ಸುತ್ತಿ ಒಳಗೆ ತೇವ ಇಡಿ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ ಕನಿಷ್ಠ 10 ದಿನ.

ಬಾಲ್ಕನಿಯದು ಬರೀ ಅಂದದ ಮಾತಲ್ಲ, ಜೀವದ ಮಾತು. ಹೊರಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಇಲ್ಲೂ ಹಾಗೇ ಕಟ್ಟಿದ್ದರು. ಆದರೆ ಕಂಬಿಯನ್ನು ಕೆಳಗಿನಿಂದ ಎತ್ತಿಹಿಡಿಯುವ ಚೇರ್ ಸಾಲದು, ಮೋಲ್ಡ್ (ಕಾಂಕ್ರೀಟ್ ಹಾಕುವ) ದಿನ ಅದರ ಮೇಲೆಯೇ ಎಲ್ಲರ ಓಡಾಟ. ಕಂಬಿ ಸುಮಾರು 40 ಮಿ.ಮೀ. ಕೆಳಗೆ ಕೂತಿತು. 150 ಮಿ.ಮೀ. ಸ್ಲ್ಯಾಬಿನಲ್ಲಿ ತಳದಿಂದ ಕಂಬಿಯವರೆಗೆ ಎಂಜಿನಿಯರ್ ಲೆಕ್ಕ ಹಿಡಿದ ಆಳ 120, ಉಳಿದದ್ದು 80. ಬಲದಲ್ಲಿ ಮೂರರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಕೆಳಗೆ ಆಸರೆ ಕೊಟ್ಟಿದ್ದ ಜಾಕಿ ತೆಗೆದ ಮೇಲೆ ತುದಿ ಬಾಗಿತು, ಗೋಡೆಯ ಅಂಚಿಗೆ ಮೇಲ್ಗಡೆ ಉದ್ದಕ್ಕೂ ಬಿರುಕು. ಕಂಬಿ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಕವರ್ ಮೀಟರ್ ಇಟ್ಟು ನೋಡಿದಾಗಲೇ ಕಾರಣ ತಿಳಿದದ್ದು. ಮೀಟರಿಗೊಂದಕ್ಕೆ ಕಡಿಮೆಯಿಲ್ಲದಂತೆ ಚೇರ್ ಹಾಕಿಸಿ, ಓಡಾಡಲು ಹಲಗೆ ಹಾಸಿ, ಕಾಂಕ್ರೀಟ್ ಸುರಿಯುತ್ತಿರುವಾಗಲೇ ಟೇಪ್ ಹಿಡಿದು ಕಂಬಿಯ ಮಟ್ಟ ಅಳೆಯಿರಿ. ಜಾಕಿ ತೆಗೆಯುವುದು ತುದಿಯಿಂದ ಗೋಡೆಯ ಕಡೆಗೆ; ಉಲ್ಟಾ ಮಾಡಿದರೆ ತುದಿಗೆ ಆಸರೆ ಸಿಕ್ಕಿ ಸ್ಲ್ಯಾಬು ಲೆಕ್ಕ ಹಾಕದ ಕಡೆ ಬಾಗುತ್ತದೆ.

ರೆಡಿಮಿಕ್ಸ್ ಲಾರಿಗೆ ನೀರು ಬಿಡುವವರನ್ನು ತಡೆಯಿರಿ. ಘನ ಮೀಟರಿಗೆ 380 ಕೆ.ಜಿ. ಸಿಮೆಂಟ್, ನೀರು ಸಿಮೆಂಟಿನ ತೂಕದ 0.45 ಪಾಲು ಅಂದುಕೊಳ್ಳಿ. ಆರು ಘನ ಮೀಟರ್ ಲಾರಿಗೆ ನೂರು ಲೀಟರ್ ಸುರಿದರೆ ಅದು ಸುಮಾರು 0.5ಕ್ಕೆ ಏರುತ್ತದೆ. ಬಲವೂ ಇಳಿಯಿತು, ಪಕ್ಕದ ಲಾರಿಗೂ ಇದಕ್ಕೂ ಬಣ್ಣವೂ ಬೇರೆಯಾಯಿತು. ಗಟ್ಟಿಯಾಗಿದ್ದರೆ ಪ್ಲಾಂಟಿನವರೇ ನೀರಿಲ್ಲದೆ ಸಡಿಲ ಮಾಡುವ ಅಡ್ಮಿಕ್ಸ್ಚರ್ ಹಾಕಲಿ. ಇಡೀ ಗೋಡೆಗೆ ಒಂದೇ ಪ್ಲಾಂಟ್, ಒಂದೇ ಬ್ರ್ಯಾಂಡ್ ಸಿಮೆಂಟ್.

ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಇವು ಬರಹದಲ್ಲಿರಲಿ: ಹೊಸ 18 ಎಂಎಂ ಫಿಲ್ಮ್ ಫೇಸ್ಡ್ (ಮೇಲೆ ನುಣುಪು ಪದರವಿರುವ) ಪ್ಲೈ, ಎಷ್ಟು ಸಲ ಬಳಸಬಹುದು ಎಂಬ ಮಿತಿ, ಪ್ಲೈ ಜೋಡಣೆ ಮತ್ತು ಅದನ್ನು ಬಿಗಿಯುವ ಟೈಗಳ ತೂತುಗಳ ಡ್ರಾಯಿಂಗ್, ಪ್ರತಿಯೊಂದು ಸ್ವಿಚ್ ಬಾಕ್ಸಿನ ಜಾಗ (ಆಮೇಲೆ ಗ್ರೂವ್ ಹೊಡೆದರೆ ಕಂಬಿಗೇ ಏಟು), ಬಾಲ್ಕನಿ-ಸಜ್ಜಾಗಳ ಕೆಳ ಅಂಚಿಗೆ ನೀರು ತೊಟ್ಟಿಕ್ಕುವ ಗ್ರೂವ್, ಎಂಜಿನಿಯರ್ ಸಹಿ ಇಲ್ಲದೆ ಮೋಲ್ಡ್ ಇಲ್ಲ ಎಂಬ ಷರತ್ತು. ರೇಟು ಚದರಕ್ಕೆ ಬೇಡ. ಕಾಣುವ ಕಾಂಕ್ರೀಟಿನ ಸೆಂಟ್ರಿಂಗ್‌ಗೆ ಚದರ ಮೀಟರ್ ಲೆಕ್ಕದಲ್ಲಿ ಬೇರೆ ದರ ಕೊಡಿ, ಕಡಿಮೆ ಕೊಟ್ಟು ಹಳೇ ಪ್ಲೈ ತಂದ ಅಂತ ಬೈಯುವುದರಲ್ಲಿ ಅರ್ಥವಿಲ್ಲ. ಮತ್ತೆ, ಅದೇ ಕೆಲಸಗಾರರಿಂದ ಅದೇ ಪ್ಲೈ, ಅದೇ ಮಿಕ್ಸ್‌ನಲ್ಲಿ ಕಾಂಪೌಂಡ್ ಮೂಲೆಯಲ್ಲೊಂದು ಆಳೆತ್ತರದ ಮಾದರಿ ಗೋಡೆ ಹಾಕಿಸಿ, ಒಳಗೆ ಕಂಬಿ, ಒಂದು ಸ್ವಿಚ್ ಬಾಕ್ಸ್, ಒಂದು ಮೂಲೆ ಸೇರಿಸಿ. ಅದು ಒಪ್ಪಿಗೆಯಾದ ಮೇಲೇ ಮನೆಯ ಗೋಡೆ. ಕೊನೆಯ ಬಿಲ್ ಪಾಸಾಗುವ ತನಕ ಅದನ್ನು ಒಡೆಸಬೇಡಿ.